ಐದು ಮಾರು

ಆರ್ಲಿತ್ ಊರಿನ ಲಾರಿ ನಿಲ್ಲುವ ಜಾಗದಲ್ಲಿ
ನನ್ನದೊಂದು ತಗಡಿನ ಅಂಗಡಿ.
ಒಡೆದ ಗಾಜು ಕೂರಿಸುತ್ತೇನೆ, ಚಾರ್ಜು ಹಾಕಿಕೊಡುತ್ತೇನೆ,
ಹಾಡು ಮಾರುತ್ತೇನೆ, ಒಂದಕ್ಕೆ ಐವತ್ತು ಫ್ರಾಂಕು.
ಟವರು ಇದೆ, ಇದ್ದೂ ಇಲ್ಲ;
ಮರಳುಗಾಳಿ ಎದ್ದ ದಿನ ಅದಕ್ಕೂ ಮುಸುಕು.
ಹಾಗಾಗಿ ಇಲ್ಲಿ ಹಾಡು ಆಕಾಶದಿಂದ ಇಳಿಯುವುದಿಲ್ಲ,
ಮೈಯಿಂದ ಮೈಗೆ ದಾಟುತ್ತದೆ, ಕಜ್ಜಿಯ ಹಾಗೆ,
ಜೇಬಿನಿಂದ ಜೇಬಿಗೆ, ಬ್ಲೂಟೂತಿನಲ್ಲಿ.

ಅದರ ಶಕ್ತಿ ಇಷ್ಟೇ: ಐದು ಮಾರು.
ಅದರಾಚೆಗೆ ಅದಕ್ಕೆ ಕಣ್ಣು ಕಾಣುವುದಿಲ್ಲ.
ನಡುವೆ ಒಬ್ಬ ದಪ್ಪ ಮನುಷ್ಯ ನಿಂತರೂ ಮುಗ್ಗರಿಸುತ್ತದೆ.

ರಿಸ್ಸಾನ ಫೋನು ನಾಲ್ಕು ಕೈ ದಾಟಿ ಬಂದದ್ದು.
ಕೇಬಲ್ಲಿನ ತೂತಿನಲ್ಲಿ ಒಂದು ಚಿಟಿಕೆ ತೆನೆರೆ ಮರುಭೂಮಿ.
ಕಾರ್ಡಿನ ಮನೆ ಮುರಿದಿದೆ. ಬ್ಯಾಟರಿ ಕಿತ್ತು
ಕ್ಲಿಪ್ಪಿಗೆ ಕಚ್ಚಿಸಿದರೆ ಉಂಟು ಜೀವ.
ಒಳಗೊಂದು ಹಾಡು, ಹನ್ನೆರಡು ವರ್ಷ ಹಿಂದಿನ ಮದುವೆಯದು:
ಒರಳಿಗೆ ಮೇಕೆಯ ಚರ್ಮ ಬಿಗಿದು ತಂಬಾತನ್ ಬಾರಿಸಿ ಹಾಡಿದ್ದು.
ಅವಳು ರಿಸ್ಸಾನಿಗೆ ದೊಡ್ಡಮ್ಮ, ಅಘಾಲಿಗೆ ಹೆತ್ತಮ್ಮ.
ಕಳೆದ ಚಳಿಗಾಲ ಹೋದಳು.
ಉಳಿದದ್ದು ಇದೊಂದೇ ಪ್ರತಿ.

ಈ ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟವರು.
ಒಂದು ಟೊಯೋಟಾದ ವಿಷಯ. ಗಾಡಿ ಎಂದೋ ಗುಜರಿಗೆ ಹೋಯಿತು,
ಜಗಳ ಮಾತ್ರ ಇನ್ನೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ಅಘಾಲಿ ಒಬ್ಬ ಹುಡುಗನ ಕೈಯಲ್ಲಿ ಫೋನು ಕಳಿಸಿದ,
ರಿಸ್ಸಾ ಇನ್ನೊಬ್ಬನ ಕೈಯಲ್ಲಿ.
ಎರಡೂ ನನ್ನ ಬೆಂಚಿನ ಮೇಲೆ ಮುನಿದ ಬೀಗರ ಹಾಗೆ ಕೂತವು.
ನಾನೇ ಎರಡು ಸಲ ಒತ್ತಿದ್ದರೆ ಮುಗಿಯುತ್ತಿತ್ತು.
'ಆಗೋದಿಲ್ಲ' ಅಂದೆ. 'ಯಜಮಾನರ ಉಸಿರು ಹತ್ತಿರ ಬೇಕು,
ಈ ಮಾಡೆಲ್ಲೇ ಹಾಗೆ.'
ಇಷ್ಟು ಸಲೀಸಾಗಿ ನಾನೆಂದೂ ಸುಳ್ಳು ಹೇಳಿದ್ದಿಲ್ಲ.

ಬಂದರು. ಮುಸುಕು ಕಣ್ಣಿನವರೆಗೆ.
ಒಬ್ಬ ಬಾಗಿಲಿನ ಈ ಕಡೆ, ಒಬ್ಬ ಆ ಕಡೆ.
ಹತ್ತಿರ ಅಂದೆ. ಇನ್ನೂ ಹತ್ತಿರ.
ಫೋನುಗಳು ಒಂದನ್ನೊಂದು ತಡಕಿದವು.
ಅಘಾಲಿಯ ತೆರೆಯ ಮೇಲೆ ರಿಸ್ಸಾನ ಹೆಸರಿಲ್ಲ,
'ಲಿನ್ ಮೇಯ್' ಅಂತ ಇತ್ತು,
ಯಾವ ದೇಶದ ಹುಡುಗಿಯೋ, ಅದರ ಮೊದಲ ಒಡತಿ.
ಲಿನ್ ಮೇಯ್ ಜೊತೆಯಾಗಲು ಕೇಳುತ್ತಿದ್ದಾಳೆ. ಒಪ್ಪಿಗೆಯೇ?
ಅಘಾಲಿಯ ಮುಸುಕಿನೊಳಗೆ ಏನೋ ಅಲುಗಿತು;
ನಗೆ ಅಂತ ನಾನು ಆಣೆ ಇಡಲಾರೆ.

ಎರಡೂ ತೆರೆಗಳಲ್ಲಿ ಆರಂಕಿ ಮೂಡಿತು.
'ಎರಡೂ ಒಂದೇನಾ, ಗಟ್ಟಿಯಾಗಿ ಓದಿಕೊಳ್ಳಿ' ಅಂದೆ.
ರಿಸ್ಸಾ ಗಂಟಲು ಸರಿಮಾಡಿಕೊಂಡ.
'ನಾಲ್ಕು.'
ಹೊರಗೆ ಲಾರಿಯೊಂದು ಹಾರನ್ನು ಹೊಡೆಯಿತು.
'ಸೊನ್ನೆ' ಅಂದ ಅಘಾಲಿ.
'ಎಂಟು. ಎರಡು.'
'ಒಂದು.'
'ಆರು.'
ಅಕ್ಕತಂಗಿಯರ ಮಕ್ಕಳ ಮಾತುಕತೆ ಇಷ್ಟು,
ವರ್ಷಕ್ಕೊಂದು ಅಂಕಿ.

ಆಮೇಲೆ ನೀಲಿ ಗೆರೆ, ಬಸವನಹುಳುವಿನ ನಡಿಗೆ.
ಎಪ್ಪತ್ತೊಂದು ಮುಟ್ಟಿದಾಗ ರಿಸ್ಸಾ ಎದ್ದು
ಉಗುಳಲು ಲಾರಿಗಳಾಚೆ ಹೋದ, ಫೋನು ಕೈಯಲ್ಲೇ.
ಕಡಿಯಿತು.
'ಯಾವಾಗಲೂ ಹೀಗೇ' ಅಂದ ಅಘಾಲಿ, ಗೋಡೆಗೆ.
ಮತ್ತೆ ಮೊದಲಿಂದ.
ಈ ಸಲ ಮೊಣಕಾಲಿಗೆ ಮೊಣಕಾಲು.
ಹುಡುಗ ಚಹಾ ತಂದ, ಮೂರನೆಯ ಸುತ್ತಿನ ತೆಳುವಾದದ್ದು.

ನೂರು.
ಮೊದಲು ಗಾಳಿ, ನಾಯಿ, ಹೆಂಗಸರ ಚಪ್ಪಾಳೆ,
ಆಮೇಲೆ ಒರಳಿನ ಆಳದಿಂದ ಅವಳು.
ನಡುವೆ ಹಾಡು ನಿಲ್ಲಿಸಿ ಗದರುತ್ತಾಳೆ:
'ಏ, ಇಬ್ಬರೂ ಆ ಕಡೆ ಹೋಗಿ ಹೊಡೆದಾಡಿ!'
ಮತ್ತೆ ಹಿಡಿಯುತ್ತಾಳೆ, ಒಂದು ಪೆಟ್ಟೂ ತಪ್ಪದೆ.

ಯಾರೂ ಯಾರನ್ನೂ ತಬ್ಬಲಿಲ್ಲ.
ಎರಡು ಸಲ ಕೇಳಿದರು, ಬ್ಯಾಟರಿ ಸತ್ತಿತು,
ಅವನು ಆ ದಿಕ್ಕು, ಇವನು ಈ ದಿಕ್ಕು.
ಹಣ ಬೇಡ ಅಂದೆ ಎಂದು ಊರಲ್ಲಿ ಹೇಳಿಕೊಂಡಿದ್ದೇನೆ.
ತೆಗೆದುಕೊಂಡೆ. ಇಬ್ಬರಿಂದಲೂ.

ಮೊನ್ನೆ ಅಘಾಲಿಯ ಫೋನು ಗಾಜೊಡೆದುಕೊಂಡು ಬಂತು.
ಕೈ ಸುಮ್ಮನಿರಲಿಲ್ಲ, ಜೊತೆಯಾದವುಗಳ ಪಟ್ಟಿ ತೆರೆದೆ:
ಗಾಡಿಯ ರೇಡಿಯೊ, ಯಾವುದೋ ಸ್ಪೀಕರು.
ಲಿನ್ ಮೇಯ್ ಇರಲಿಲ್ಲ.
ಅಳಿಸಿಬಿಟ್ಟ ಅಂದುಕೊಂಡೆ. ಇಲ್ಲ,
ಹೆಸರು ಬದಲಿಸಿದ್ದ:
'ಟೊಯೋಟಾ ಕಳ್ಳ'.